ಇಡಾ ವಾಪಸ್ ಬಂದಳೇ?

ಟೊಲೀಡೊ, ಒಹಾಯೊ
ಜನವರಿ 14, 2002

ಕೆಂಡ್ರಾ,

ಇವತ್ತು ಬೆಳಗ್ಗೆ ಬಸ್ಸಿನಲ್ಲಿ ನನ್ನೆದುರು ಕೂತಿದ್ದ ಮನುಷ್ಯನ ಕೋಟಿನ ಗುಂಡಿಗಳು ಬಿಚ್ಚಿದ್ದವು. ಒಳಗಿನ ಅಂಗಿಯ ಮೇಲೆ ಉಪ್ಪಿನ ಡಬ್ಬಿಯ ಚಿತ್ರ. ಯಾರೋ ಅದರ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಎಳೆದು ಅರ್ಧ ಡಬ್ಬಿ ಕರಗಿಹೋಗಿತ್ತು. ಕೆಳಗಿನ ಅಕ್ಷರಗಳು ಮಾತ್ರ ನೆಟ್ಟಗಿದ್ದವು: 'ಇಡಾ, ಉಪ್ಪು ಕೊಡು.' ನಾನು ಎರಡು ನಿಲ್ದಾಣ ಮೊದಲೇ ಇಳಿದು ಲೈಬ್ರರಿಗೆ ನಡೆದುಹೋದೆ. ಬೂಟಿನೊಳಗೆ ಹಿಮ ಹೋಯಿತು. ಅದಕ್ಕೆ ನೀನೇ ಕಾರಣ ಎಂದರೆ ನಗುತ್ತೀಯ. ನಗು.

ನಿನ್ನ ಕಾಗದ ಸೇರಿತು. ಹೈಸ್ಕೂಲು ಮುಗಿದು ಐದು ವರ್ಷವಾದ ಮೇಲೆ ಇದೇ ಮೊದಲನೆಯದು. 'ಹೇಗಿದ್ದೀಯ' ಎಂದು ಒಂದು ಸಾಲು, ಮಿಕ್ಕ ಎರಡು ಪುಟ ವಿಡಿಯೋ ಟೇಪಿನ ಬಗ್ಗೆ.

ಹೌದು, ಟೇಪು ನನ್ನ ಬಳಿಯೇ ಇದೆ. 1991ರ ಜೂನ್ ತಿಂಗಳ ಆ ಭಾನುವಾರ ಬೇರೆಲ್ಲ ಊರುಗಳಲ್ಲಿ ಬೇಸ್‌ಬಾಲ್ ಆಟದ ಪ್ರಸಾರ ಮುಗಿಯದೆ ಎಳೆದುಕೊಂಡು ಹೋಗಿ 'ದ ಪ್ಲಂಕೆಟ್ಸ್' ಕಾರ್ಟೂನಿನ ಒಂಬತ್ತನೆಯ ಕಂತು ಹಾರಿಹೋಯಿತು. ನಮ್ಮೂರ ಚಾನೆಲ್ ಮಾತ್ರ ಅದನ್ನು ತೋರಿಸಿತು, ನಮ್ಮ ಮನೆಯಲ್ಲಿ ನಾವಿಬ್ಬರೂ ಅದನ್ನು ಟೇಪಿಗೆ ಇಳಿಸಿಕೊಂಡೆವು. ಮರುವಾರ ಧಾರಾವಾಹಿಯನ್ನೇ ನಿಲ್ಲಿಸಿದರು. ಸ್ಟುಡಿಯೋ ಮುಚ್ಚಿತು, ಮೂಲ ರೀಲುಗಳು ಎಲ್ಲಿ ಹೋದವೋ ಯಾರಿಗೂ ತಿಳಿಯದು. ಎಂಟು ಕಂತುಗಳು ನಿಮ್ಮೆಲ್ಲರ ಮನೆಯಲ್ಲಿವೆ. ಒಂಬತ್ತನೆಯದು ನನ್ನ ಮಂಚದ ಕೆಳಗೆ, ಬೂಟಿನ ಡಬ್ಬಿಯಲ್ಲಿದೆ. ಅದು ಅಲ್ಲೇ ಇರುತ್ತದೆ.

ನೀನು ಪ್ಲಂಕೆಟ್ಸ್ ಅಭಿಮಾನಿಗಳ 'ಸೈಲೆನ್ಸರ್' ಪತ್ರಿಕೆ ನಡೆಸುತ್ತಿರುವುದು ನನಗೆ ಗೊತ್ತು. ಮೂರು ತಿಂಗಳಿಗೊಮ್ಮೆ ಯಾರೋ ಅದನ್ನು ನಮ್ಮ ಲೈಬ್ರರಿಯ ಬಾಗಿಲ ಬಳಿ ಇಟ್ಟುಹೋಗುತ್ತಾರೆ. ನಾನು ಪೂರ್ತಿ ಓದಿ, ಮಡಚಿ, ರದ್ದಿಗೆ ಹಾಕುತ್ತೇನೆ.

ನಿನ್ನ ಕೋರಿಕೆಗೆ ಉತ್ತರ: ಇಲ್ಲ.

ಮರಿಸ್ಸಾ ಶಿಮಾನ್ಸ್ಕಿ


ಫೋರ್ಟ್ ವೇಯ್ನ್, ಇಂಡಿಯಾನಾ
ಜನವರಿ 22, 2002

ಏನೇ ಮಿಸ್ಸಿ,

'ಉತ್ತರ: ಇಲ್ಲ' ಅಂತೆ! ನಾಲ್ಕು ವರ್ಷ ಸಾಹಿತ್ಯ ಓದಿದ್ದಕ್ಕೆ ಕಾಲೇಜಿನವರು ಕೊಟ್ಟಿದ್ದು ಇಷ್ಟೇನಾ, ಎರಡು ಪದದ ಧಿಮಾಕು? ಫೋನ್ ನಂಬರ್ ಕೊಡಲ್ಲ, ಈಮೇಲ್ ಕೊಡಲ್ಲ, ಬರೀ ಅಂಚೆಪೆಟ್ಟಿಗೆ ನಂಬರ್. ಸರಿ, ಮಹಾರಾಣಿಯವರಿಗೆ ಕಾಗದದಲ್ಲೇ ಹೇಳ್ತೀನಿ.

ಕ್ಯಾಲಿಫೋರ್ನಿಯಾದ ಒಂದು ಡಿವಿಡಿ ಕಂಪನಿ ಪ್ಲಂಕೆಟ್ಸ್ ಕಂತುಗಳನ್ನೆಲ್ಲಾ ಒಂದು ಪೆಟ್ಟಿಗೆ ಮಾಡಿ ಮಾರೋಕೆ ಒಪ್ಪಿದೆ. ಹನ್ನೊಂದು ವರ್ಷ ಬೇಡಿದ್ದೀವಿ ಕಣೇ. ಹಕ್ಕೆಲ್ಲಾ ಕೊಂಡಾಗಿದೆ. ಒಂಬತ್ತೂ ಕಂತು ಇದ್ರೇನೇ ಮಾಡೋದು, ಎಂಟಕ್ಕೆ ಕೈ ಹಾಕಲ್ಲ ಅಂತ ಅಲ್ಲಿನ ಅಲ್ಮೀಡಾ ಸಾಹೇಬ್ರು ಹೇಳಿದಾರೆ. ನಿನ್ನ ಟೇಪಲ್ಲಿ ಕೊನೇ ಎರಡು ನಿಮಿಷ ಇಲ್ಲ ಅನ್ನೋದು ಅವ್ರಿಗೆ ಗೊತ್ತು, ನಾನೇ ಹೇಳಿದೀನಿ. ಅದಕ್ಕವರು ದಾರಿ ಹುಡುಕಿದಾರೆ. ಆ ದೃಶ್ಯ ಕಣ್ಣಾರೆ ನೋಡಿದ ಇಬ್ಬರು ಸಹಿ ಹಾಕಿ ಬರೆದುಕೊಟ್ರೆ, ಅದರ ಪ್ರಕಾರ ಚಿತ್ರ ಬರೆಸಿ ಸೇರಿಸ್ತಾರೆ. ಟೊಲೀಡೊದಲ್ಲಿ ಎಷ್ಟು ಹುಡುಕಿದ್ರೂ ಇನ್ಯಾರೂ ಸಿಗಲಿಲ್ಲ, ಇರೋದು ಇಬ್ಬರೇ. ನಾನು, ನೀನು.

ನಾನು ಬರೆದಾಗಿದೆ. ಇಡಾ ಉಪ್ಪಿನ ಡಬ್ಬಿ ಹಿಡ್ಕೊಂಡು ಊಟದ ಮೇಜಿಂದ ಎದ್ದು ಹೊರಗೆ ಹೋಗ್ತಾಳೆ, ಜಾಹೀರಾತು ಬರತ್ತೆ, ಆಮೇಲೆ ವಾಪಸ್ ಬಂದು ಡಬ್ಬೀನ ಮೇಜಿನ ಮೇಲೆ ಇಟ್ಟು ಕೂತ್ಕೋತಾಳೆ. ಒಂದು ಮಾತಿಲ್ಲ. ಮುಗೀತು. ಇಡೀ ಅಮೇರಿಕಾದಲ್ಲಿ ಪ್ಲಂಕೆಟ್ಸ್ ನೋಡಿದೋರಿಗೆಲ್ಲಾ ಇದು ಗೊತ್ತು. ಪ್ರತಿ ಜೂನಲ್ಲಿ ನಮ್ಮ 'ಉಪ್ಪಿನೂಟ' ನಡೆಯತ್ತಲ್ಲ, ಕೊನೇಲಿ ಇನ್ನೂರು ಜನ ಎದ್ದು ನಿಂತು, ಕೈಲಿ ಡಬ್ಬಿ ಹಿಡಿದು, ನಾನು 'ಇಡಾ!' ಅಂದ ತಕ್ಷಣ ಒಟ್ಟಿಗೆ ಠಪ್ ಅಂತ ಮೇಜಿನ ಮೇಲೆ ಇಡ್ತಾರೆ. ಗಡ್ಡ ಬಂದ ಗಂಡಸ್ರು ಅಳ್ತಾರೆ, ಬಂದು ನೋಡು.

ನೀನು ಮಾಡಬೇಕಾಗಿರೋದು ಒಂದು ಸಹಿ, ಒಂದು ಪಾರ್ಸೆಲ್. ಅಷ್ಟೂ ಆಗಲ್ವಾ?

ಕೆಂಡ್ರಾ ಬಾಸ್ಟಿಯನ್
ಸಂಪಾದಕಿ, 'ಸೈಲೆನ್ಸರ್'


ಟೊಲೀಡೊ
ಫೆಬ್ರುವರಿ 3, 2002

ಕೆಂಡ್ರಾ,

ನಿನ್ನ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ನೀನೇ ಬರೆದಿದ್ದೀಯ: 'ಪ್ಲಂಕೆಟ್ಸ್ ಹಾಸ್ಯದ ಗುಟ್ಟು ಇಡಾಳ ಮೂತಿ.' ಕಾರಿನ ಸೈಲೆನ್ಸರ್ ರಿಪೇರಿ ಅಂಗಡಿಯ ಮೇಲೆ ವಾಸಿಸುವ ಬಾಯಿಬಡುಕ ಸಂಸಾರ, ಅದರೊಳಗೆ ಮಾತಾಡಲು ಬಾಯಿ ತೆರೆದಾಗಲೆಲ್ಲ 'ಇಡಾ, ಉಪ್ಪು ಕೊಡು' ಎನ್ನಿಸಿಕೊಳ್ಳುವ ಹುಡುಗಿ. ಅವಳು ಬಾಯಿ ಮುಚ್ಚಿ ಉಪ್ಪು ದಾಟಿಸುತ್ತಾಳೆ. ನೀವು ನಗುತ್ತೀರಿ.

ಎಂಟು ಕಂತುಗಳನ್ನೂ ಗಡಿಯಾರ ಇಟ್ಟುಕೊಂಡು ನೋಡಿದ್ದೇನೆ. ಮೊದಲ ಕಂತಿನಲ್ಲಿ ಉಪ್ಪು ಕೊಟ್ಟಮೇಲೆ ಚಿತ್ರ ಅವಳ ಮುಖದ ಮೇಲೆ ಒಂದು ಸೆಕೆಂಡು ನಿಲ್ಲುತ್ತದೆ. ನಾಲ್ಕನೆಯದರಲ್ಲಿ ಎರಡು, ಎಂಟನೆಯದರಲ್ಲಿ ನಾಲ್ಕು. ಹಿನ್ನೆಲೆಯಲ್ಲಿ ನಗುವಿನ ಸದ್ದನ್ನೂ ಅವರು ಹಾಕಲಿಲ್ಲ. ಆ ನಾಲ್ಕು ಸೆಕೆಂಡಿನಲ್ಲಿ ನಗಬೇಕೋ ಬೇಡವೋ ಎಂಬುದನ್ನು ನಮಗೇ ಬಿಟ್ಟರು. ತಮಾಷೆ ಅವಳದಲ್ಲ, ಮೇಜಿನ ಸುತ್ತ ಕೂತವರದು.

ನಿನಗೆ ನೆನಪಿದೆಯೋ ಇಲ್ಲವೋ, ಏಳನೆಯ ತರಗತಿಯಿಂದ ಹನ್ನೆರಡರವರೆಗೆ ಶಾಲೆಯ ಊಟದ ಮೇಜಿನಲ್ಲಿ ನಾನು ಬಾಯಿ ತೆರೆದಾಗಲೆಲ್ಲ ಒಂದು ದನಿ ಏಳುತ್ತಿತ್ತು. ಮೊದಲು ನಿನ್ನದೊಂದೇ. ಕ್ರಿಸ್ಮಸ್ ಹೊತ್ತಿಗೆ ನಲವತ್ತು. 'ಇಡಾ, ಉಪ್ಪು ಕೊಡೇ!' ಒಮ್ಮೆ ಗಣಿತದ ಮೇಷ್ಟ್ರೂ ಅಂದರು, ಪಾಪ, ಅದು ನನ್ನ ಮುದ್ದಿನ ಹೆಸರೆಂದು ತಿಳಿದು.

ನಿನ್ನ ಹೇಳಿಕೆಗೆ ನಾನು ಸಹಿ ಹಾಕುವುದಿಲ್ಲ. ಅದು ಸುಳ್ಳು. ಇಡಾ ವಾಪಸ್ ಬರಲಿಲ್ಲ. ಅಂಗಳ ದಾಟಿ, ಗೇಟಿನ ಚಿಲಕ ತೆಗೆದು, ಉಪ್ಪಿನ ಡಬ್ಬಿ ಕೈಯಲ್ಲಿ ಹಿಡಿದೇ ಬೀದಿಗೆ ಇಳಿದು ಹೋದಳು. ಅವಳ ಬೆನ್ನ ಹಿಂದೆ ಗೇಟು ತೆರೆದೇ ಇತ್ತು. ನಾನು ನೋಡಿದೆ.

ಮರಿಸ್ಸಾ


ಫೋರ್ಟ್ ವೇಯ್ನ್
ಮಾರ್ಚ್ 19, 2002

ಮಿಸ್ಸಿ,

ನಿನ್ನ ಕಾಗದದ ಕೊನೇ ಭಾಗಾನ ನಿನ್ನ ಹೆಸರು ಸಮೇತ ವಸಂತದ ಸಂಚಿಕೇಲಿ ಹಾಕ್ದೆ. 'ಹನ್ನೊಂದು ವರ್ಷದ ಮೇಲೆ ಜ್ಞಾಪಕ ಬಂದವರು' ಅಂತ ತಲೆಬರಹ ಕೊಟ್ಟು. ಜನ ಬಿದ್ದು ಬಿದ್ದು ನಗ್ತಾರೆ ಅಂದ್ಕೊಂಡಿದ್ದೆ.

ನಲವತ್ತೊಂದು ಕಾಗದ ಬಂದಿದೆ. ಹದಿನಾರು ನಿನ್ನ ಕಡೆ! 'ಇಡಾ ಹೋದಳು' ಅಂತ ಒಂದು ಪಕ್ಷಾನೇ ಕಟ್ಕೊಂಡಿದಾರೆ ದರಿದ್ರದೋರು. ಡೆಟ್ರಾಯಿಟ್‌ನ ಒಬ್ಬ ತೆರೆದ ಗೇಟಿನ ಚಿತ್ರ ಹಾಕಿ ಅಂಗಿ ಹೊಲಿಸಿದಾನೆ. ಆರು ವರ್ಷ ನನ್ನ ಜೊತೆ ಸ್ಟ್ಯಾಂಪ್ ಅಂಟಿಸಿಕೊಂಡು ಬಂದ ಹೆಂಗಸು ಫೋನಲ್ಲಿ ಏನಂತಾಳೆ ಗೊತ್ತಾ? 'ಕೆಂಡ್ರಾ, ಬೇಜಾರ್ ಮಾಡ್ಕೋಬೇಡ, ಆದ್ರೆ ಅವಳು ಹೇಳಿದ್ದೇ ಚೆನ್ನಾಗಿದೆ.' ಚೆನ್ನಾಗಿರೋದಾ? ಚೆನ್ನಾಗಿರೋದು ಯಾರಿಗೆ ಬೇಕು? ನಡೆದಿದ್ದು ಬೇಕು!

ಹಾಸ್ಯದ ಪಾಠ ನನಗೆ ಹೇಳಬೇಡ. ಒಂದೇ ಮಾತು ಮೂರು ಸಾರಿ ಅಂದ್ರೆ ನಗು, ಐದು ಸಾರಿ ಅಂದ್ರೆ ಬೋರು, ಎಂಟು ಸಾರಿ ಅಂದ್ರೆ ಹೊಟ್ಟೆ ಹುಣ್ಣಾಗತ್ತೆ. ಅವಳು ವಾಪಸ್ ಬಂದ್ರೇನೇ ಆ ಜೋಕಿಗೆ ಅರ್ಥ. ಹೋಗಿಬಿಟ್ರೆ ಅದು ಜೋಕಲ್ಲ, ಸಾವಿನ ಮನೆ. ಶಾಲೆ ವಿಷಯ ಬೇರೆ ತೆಗೆದಿದೀಯ. ಹನ್ನೆರಡು ವರ್ಷದ ಹುಡುಗೀರು ಏನೋ ಅಂದ್ಕೋತಾರೆ. ನಿನಗೊಂದು ಹೆಸರಾದ್ರೂ ಇತ್ತು. ನನ್ನನ್ನ ಕಂಡು ಯಾರೂ ಯಾವತ್ತೂ ಏನೂ ಕರೀಲಿಲ್ಲ.

ಅಲ್ಮೀಡಾ ಸಾಹೇಬ್ರು ಸಂಚಿಕೆ ಓದಿ ಕೇಳ್ತಿದಾರೆ, 'ಇಬ್ಬರು ಸಾಕ್ಷಿ ಎರಡು ಕಥೆ ಹೇಳಿದ್ರೆ ನಾವೇನ್ ಮಾಡೋದಮ್ಮ?' ಜೂನ್ ಒಂದರವರೆಗೆ ಕಾಯ್ತಾರಂತೆ. ಆಮೇಲೆ ಕೈಬಿಡ್ತಾರೆ. ಸಾಯಿಸಿದ ಪುಣ್ಯ ನಿಂದು.

ಕೆಂಡ್ರಾ


ಟೊಲೀಡೊ
ಏಪ್ರಿಲ್ 6, 2002

ಕೆಂಡ್ರಾ,

ಮೊನ್ನೆ ಲೈಬ್ರರಿಯ ಮೇಜಿಗೆ ಒಬ್ಬ ಬಂದು, ಪುಸ್ತಕ ಕೇಳದೆ, ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಬೆರಳಿಟ್ಟು ಓದಿದ.

"ಶಿಮಾನ್ಸ್ಕಿ. ಹೋದ್ಲು ಅಂದೋರು ನೀವೇನಾ?"

"ಮೆಲ್ಲಗೆ ಮಾತಾಡಿ, ಇದು ಲೈಬ್ರರಿ."

"ಮೆಲ್ಲಗಾ? ನಮ್ಮಪ್ಪ ಸತ್ತಾಗ ಅವರ ಶವಪೆಟ್ಟಿಗೆಯೊಳಗೆ ಉಪ್ಪಿನ ಡಬ್ಬಿ ಇಟ್ಟು ಕಳಿಸಿದೀನಿ ಕಣ್ರೀ. ವಾಪಸ್ ಬರ್ತಾಳೆ ಅಂತ. ನೀವು ಯಾರ್ರೀ ಹೋದ್ಲು ಅನ್ನೋಕೆ?"

ನಾನು ತಲೆ ತಗ್ಗಿಸಿ ಪುಸ್ತಕಗಳಿಗೆ ಮುದ್ರೆ ಒತ್ತಿದೆ. ನನ್ನ ಅಭ್ಯಾಸ ನಿನಗೆ ಗೊತ್ತಲ್ಲ. ಅವನು ಹೋದ ಮೇಲೆ, ಸಾಲಿನಲ್ಲಿ ಹಿಂದೆ ನಿಂತಿದ್ದ ನರ್ಸ್ ಉಡುಪಿನ ಹೆಂಗಸು ತನ್ನ ಕೈಚೀಲದಿಂದ 'ಸೈಲೆನ್ಸರ್'ನ ಆ ಪುಟವನ್ನು ತೆಗೆದಳು. ಕತ್ತರಿಸಿ, ಎಂಟು ಮಡಿಕೆ ಮಾಡಿ ಇಟ್ಟುಕೊಂಡಿದ್ದಳು.

"ಇಷ್ಟು ವರ್ಷ ನನಗೆ ಇಡಾ ಮೇಲೆ ಕೋಪ ಇತ್ತು ಕಣಮ್ಮ. ವಾಪಸ್ ಯಾಕ್ ಬಂದ್ಲು ಅಂತ. ಈಗ ಹೋಯ್ತು."

ಇಷ್ಟು ಜನ ನನ್ನ ಮಾತಿಗೆ ಕಿವಿಗೊಟ್ಟದ್ದು ಇದೇ ಮೊದಲು. ಅದನ್ನು ಅಚ್ಚು ಹಾಕಿ ಹಂಚಿದವಳು ನೀನೇ. ಉಪಕಾರವಾಯಿತು.

ನನ್ನ ಮಾತನ್ನು ಬದಲಿಸುವುದಿಲ್ಲ.

ಮರಿಸ್ಸಾ


ಫೋರ್ಟ್ ವೇಯ್ನ್
ಏಪ್ರಿಲ್ 20, 2002

ಸುಳ್ಳಿ,

ಸಾಕು ನಿನ್ನ ನಾಟಕ. ಸಭ್ಯತೆ ಅಂತ ಇಷ್ಟು ದಿನ ಸುಮ್ಮನಿದ್ದೆ. ಈಗ ಕೇಳು.

ನೀನು ಏನೂ ನೋಡಿಲ್ಲ. ನೋಡೋಕೆ ನೀನು ಕೋಣೇಲೇ ಇರಲಿಲ್ಲ! ಇಡಾ ಮೇಜಿಂದ ಎದ್ದಳು, ಜಾಹೀರಾತು ಬಂತು, ನಾನು 'ಅಯ್ಯೋ ನೋಡೇ, ಇವಳು ಥೇಟ್ ನೀನೇ!' ಅಂದೆ. ಅಷ್ಟಕ್ಕೇ ನೀನು ಮುಖ ಕೆಂಪು ಮಾಡ್ಕೊಂಡು ಹಿತ್ತಲಿಗೆ ಓಡ್ದೆ. ಎಷ್ಟೊತ್ತಾದ್ರೂ ಒಳಗೆ ಬರಲಿಲ್ಲ. ಗ್ಯಾರೇಜಿನ ಪಕ್ಕ, ಕಸದ ಡಬ್ಬಿಗಳ ಹತ್ತಿರ ಗೋಡೆ ಕಡೆ ಮುಖ ಮಾಡ್ಕೊಂಡು ನಿಂತಿದ್ದೆ. ಆಮೇಲೆ ಗೇಟಿನ ಹತ್ತಿರ ಹೋಗಿ ಚಿಲಕದ ಮೇಲೆ ಕೈ ಇಟ್ಟೆ. ಹಳದಿ ಚಡ್ಡಿ ಹಾಕಿದ್ದೆ, ಮೊಣಕಾಲಿಗೆ ಬ್ಯಾಂಡೇಜ್ ಇತ್ತು. ಇನ್ನೂ ಚೆನ್ನಾಗಿ ಬೆಳಕಿತ್ತು. ಪಕ್ಕದ ಮನೆ ಹುಡುಗರು ಬೇಲಿ ಹತ್ತಿ ನೋಡ್ತಿದ್ರು, ನಾನು 'ಇಡಾ, ಉಪ್ಪು ಕೊಡೇ!' ಅಂತ ಕೂಗಿದಾಗ ಅವರೂ ಕೂಗಿದ್ರು. ನಿಮ್ಮಮ್ಮ ಊಟಕ್ಕೆ ಕರೆಯೋವರೆಗೂ ನೀನು ಅಲ್ಲಿಂದ ಅಲ್ಲಾಡಲಿಲ್ಲ.

ಎಲ್ಲಾ ಕಣ್ಣಾರೆ ನೋಡಿದೀನಿ. ಒಂದಕ್ಷರ ಇಲ್ಲ ಅನ್ನು ನೋಡೋಣ. ಕಂಪನಿ ಕಾಗದ ಇದರ ಜೊತೆ ಇದೆ. ಸಹಿ ಹಾಕು, ಟೇಪ್ ಕಳಿಸು, ನಾನೂ ಇದನ್ನ ಮರೆತುಬಿಡ್ತೀನಿ. ಇಲ್ಲಾ, ಬರೋ ಉಪ್ಪಿನೂಟದಲ್ಲಿ ಇನ್ನೂರು ಜನದ ಮುಂದೆ ಈ ಕಾಗದಾನ ಗಟ್ಟಿಯಾಗಿ ಓದ್ತೀನಿ. ಉಪ್ಪು ತಿಂದೋಳು ನೀರು ಕುಡೀಲಿ.

ಕೆಂಡ್ರಾ


ಟೊಲೀಡೊ
ಮೇ 2, 2002

ಕೆಂಡ್ರಾ,

ಒಂದಕ್ಷರವೂ ಇಲ್ಲ ಎನ್ನುವುದಿಲ್ಲ. ನಾನು ಕೋಣೆಯಲ್ಲಿ ಇರಲಿಲ್ಲ. ನಾನು ಬರೆದದ್ದು ಸುಳ್ಳು. ಚಡ್ಡಿಯ ಬಣ್ಣವೂ ಸರಿ, ಬ್ಯಾಂಡೇಜೂ ಸರಿ, ಗೇಟಿನ ಚಿಲಕವೂ ಸರಿ.

ಅಷ್ಟೆಲ್ಲ ನಿನಗೆ ಕಂಡದ್ದು ಹೇಗೆ?

ಟಿ.ವಿ. ಇದ್ದದ್ದು ಬೀದಿಗೆ ಮುಖಮಾಡಿದ ಕೋಣೆಯಲ್ಲಿ. ಅಲ್ಲಿಂದ ಹಿತ್ತಲು ಕಾಣಿಸುವುದಿಲ್ಲ. ಗೇಟಿನ ಚಿಲಕದ ಮೇಲೆ ನನ್ನ ಕೈ ಇದ್ದದ್ದು ನಿನಗೆ ಕಾಣಬೇಕಾದರೆ ನೀನು ಅಡುಗೆಮನೆ ದಾಟಿ, ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತಿರಬೇಕು. ನಿಂತಿದ್ದೆ. ನಾನೂ ನಿನ್ನನ್ನು ನೋಡಿದೆ. ನಿನ್ನ ಬಲಗೈಯಲ್ಲಿ ರಿಮೋಟ್ ಇತ್ತು. ಕೂಗುವಾಗಲೆಲ್ಲ ಅದನ್ನು ನನ್ನ ಕಡೆ ತೋರಿಸಿ ಗುಂಡಿ ಒತ್ತುವಂತೆ ಮಾಡುತ್ತಿದ್ದೆ.

ಜಾಹೀರಾತು ಟೇಪಿನಲ್ಲಿ ಬರಬಾರದೆಂದು ಆ ಹೊತ್ತು ರೆಕಾರ್ಡಿಂಗ್ ತಡೆದು, ಕಾರ್ಟೂನು ಮತ್ತೆ ಶುರುವಾದಾಗ ಬಿಡುವುದು ನಿನ್ನ ಕೆಲಸ. ಇನ್ನಾರಿಗೂ ರಿಮೋಟ್ ಮುಟ್ಟಗೊಡುತ್ತಿರಲಿಲ್ಲ ನೀನು. ಆ ಹಳೆಯ ಯಂತ್ರಗಳನ್ನು ಐದು ನಿಮಿಷ ತಡೆಹಿಡಿದರೆ ಟೇಪು ಸವೆಯಬಾರದೆಂದು ತಾವಾಗಿ ಆರಿಹೋಗುತ್ತವೆ. ಟೇಪಿನಲ್ಲಿ ಇಡಾಳ ಕುರ್ಚಿ ಖಾಲಿಯಾಗುತ್ತದೆ. ಆಮೇಲೆ ಬರೀ ನೀಲಿ ಪರದೆ. ಕೊನೆಯ ಎರಡು ನಿಮಿಷ ಇಲ್ಲದಿರುವುದು ಏಕೆಂದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನೀನು ನನ್ನನ್ನು ನೋಡುತ್ತಿದ್ದೆ.

ಅಮ್ಮ ಒಲೆಯ ಮುಂದಿದ್ದಳು. ಅಪ್ಪ ಕಾರ್ಖಾನೆಯಲ್ಲಿದ್ದ. ಇಡಾಳ ಕೊನೆಯನ್ನು ನಮ್ಮ ಮನೆಯಲ್ಲಿ ಒಂದು ಖಾಲಿ ಸೋಫಾ ಮಾತ್ರ ನೋಡಿತು.

ಉಪ್ಪಿನೂಟದಲ್ಲಿ ನಿನ್ನ ಕಾಗದವನ್ನು ಓದು. ದಯವಿಟ್ಟು ಪೂರ್ತಿ ಓದು.

ಮರಿಸ್ಸಾ


ಫೋರ್ಟ್ ವೇಯ್ನ್
ಮೇ 9, 2002

ಮರಿಸ್ಸಾ,

ಏನೀಗ? ಗೆದ್ದೆ. ಚಪ್ಪಾಳೆ.

ಹೌದು, ನೋಡಿಲ್ಲ. ಹದಿನೈದು ವರ್ಷದವಳಿದ್ದಾಗ ಯಾರೋ ಕಾಗದ ಬರೆದು 'ನೀವು ಟೊಲೀಡೊದವರಂತೆ, ಕೊನೇಲಿ ಏನಾಯ್ತು ಹೇಳಿ' ಅಂದ್ರು. ನನ್ನ ಜನ್ಮದಲ್ಲಿ ಯಾರೂ ನನ್ನನ್ನ ಏನೂ ಕೇಳಿರಲಿಲ್ಲ. ಹೇಳ್ದೆ. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಈಗ ಇನ್ನೂರು ಜನ. ಅವರಿಗೇನು ಹೇಳಲಿ? ಇಷ್ಟು ವರ್ಷ ನೀವು ಠಪ್ ಅಂತ ಇಟ್ಟ ಡಬ್ಬಿ ಟಿ.ವಿ.ಲಿ ಕಂಡಿದ್ದಲ್ಲ, ನಾನು ಹಿತ್ತಲ ಮೆಟ್ಟಿಲ ಮೇಲಿಂದ ತಂದಿದ್ದು ಅಂತಲಾ?

ಸುಮ್ಮನೆ ಕಟ್ಟಿದ್ದೂ ಅಲ್ಲ. ನೀನು ವಾಪಸ್ ಬಂದೆಯಲ್ಲ! ನಿಮ್ಮಮ್ಮ ಕರೆದ ತಕ್ಷಣ ಗೇಟು ಬಿಟ್ಟು ಬಂದೆ, ನನ್ನ ಪಕ್ಕಾನೇ ಕೂತೆ, ಪಿರೋಗಿ ಕಡುಬು ತಿಂದೆ. ನಾನು ಉಪ್ಪು ಕೇಳ್ದೆ. ನಗೋಕಲ್ಲ, ಸತ್ಯವಾಗ್ಲೂ ಉಪ್ಪು ಕಮ್ಮಿ ಇತ್ತು. ನೀನು ಕೊಟ್ಟೆ. ಒಂದು ಮಾತಿಲ್ಲ. ಅದನ್ನೇ ಹೇಳಿದೀನಿ ಎಲ್ಲರಿಗೂ. ತಪ್ಪೇನಿದೆ?

ಇನ್ನು ಮೂರು ವಾರ. ನೋಡಿ ಬರೆದ್ಯೋ ನೋಡದೆ ಬರೆದ್ಯೋ ಅಂತ ಯಾವ ದೇವರೂ ಕೇಳಲ್ಲ. ಒಂದೇ ಕಥೆಗೆ ಇಬ್ಬರೂ ಸಹಿ ಹಾಕೋಣ. ಬೇಕಾದ್ರೆ ನಿನ್ನ ಕಥೇನೇ ಆಗ್ಲಿ! ಗೇಟು, ಬೀದಿ, ಏನಾದ್ರೂ ಇಟ್ಕೋ, ನಾನು 'ತಪ್ಪು ನೆನಪು' ಅಂತ ಅಚ್ಚು ಹಾಕ್ತೀನಿ. ಪೆಟ್ಟಿಗೆ ಬರಲಿ ಅಷ್ಟೇ. ಬರದಿದ್ರೆ ನನ್ನ ಹತ್ತಿರ ಏನೂ ಇಲ್ಲ. ಇದನ್ನ ಓದಿ ನಗು, ನನಗೇನು.

ಕೆಂಡ್ರಾ


ಟೊಲೀಡೊ
ಮೇ 28, 2002

ಕೆಂಡ್ರಾ,

ನಗಲಿಲ್ಲ. ನಿನ್ನ ಕಾಗದ ಬಂದು ಎರಡು ವಾರವಾಯಿತು. ನನ್ನ ಕಥೆಗೆ ನಿನ್ನ ಸಹಿ ಸಿಗುತ್ತದೆ ಎಂದು ಓದಿದಾಗ ನನಗೆ ಆದ ಸಂತೋಷವನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಒಂದು ಇಡೀ ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಸಂಜೆ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತಿದ್ದಾಗ ಆ ನರ್ಸಮ್ಮ ಬಂದು ದೂರದಿಂದಲೇ ಕೈಬೀಸಿದಳು. ನಾನು ಕಪಾಟಿನ ಹಿಂದೆ ಸರಿದೆ. ಸರಿದು ನಿಂತಾಗ ನನಗೆ ನಿನ್ನ ಗುರುತು ಹತ್ತಿತು. ಎಂಟು ವರ್ಷ ನೀನು ಹೀಗೇ ಸರಿಯುತ್ತ ಬಂದಿರಬೇಕು. ಇದನ್ನು ಕನಿಕರ ಎಂದುಕೊಳ್ಳಬೇಡ. ನಿನ್ನ ಮೇಲೆ ನನಗಿರುವ ಸಿಟ್ಟು ಒಂದು ಚೂರೂ ಇಳಿದಿಲ್ಲ.

ನಾನು ಬರೆದ ಕೊನೆ ಎಲ್ಲಿಂದ ಬಂತೆಂದು ನೀನು ಕೇಳಲಿಲ್ಲ. ಚಿಲಕದ ಮೇಲೆ ಕೈಯಿಟ್ಟು ನಿಂತವಳು ನಾನು, ತೆಗೆಯಲಿಲ್ಲ. ನಮ್ಮಿಬ್ಬರದೂ ಒಂದೇ ಸಂಜೆ. ನೀನು ನಡೆದದ್ದನ್ನು ಇಡಾಳ ಮೇಲೆ ಹೇರಿದೆ, ನಾನು ನಡೆಯದೇ ಹೋದದ್ದನ್ನು. ಅವಳು ಎಂಟು ಕಂತುಗಳ ಕಾಲ ಬೇರೆಯವರು ಕೇಳಿದ್ದನ್ನು ಕೊಟ್ಟಳು, ಆಮೇಲೆ ನಮ್ಮಿಬ್ಬರ ಕೈಗೆ ಸಿಕ್ಕಿದಳು.

ಟೇಪನ್ನು ಇವತ್ತು ಮಧ್ಯಾಹ್ನ ಅಲ್ಮೀಡಾ ಅವರಿಗೆ ಅಂಚೆಗೆ ಹಾಕಿದೆ. ಜೊತೆಗೆ ಒಂದು ಪುಟ: 'ಸೈಲೆನ್ಸರ್'ನಲ್ಲಿ ನಾನು ಬರೆದದ್ದು ಸುಳ್ಳು, ನಾನು ಆ ದೃಶ್ಯ ನೋಡಿಲ್ಲ, ಕ್ಷಮಿಸಿ. ಕುರ್ಚಿ ಖಾಲಿಯಾಗುವಲ್ಲಿಗೇ ಕಂತನ್ನು ನಿಲ್ಲಿಸಿ, ಚಿತ್ರ ಬರೆಸಬೇಡಿ ಎಂದು ಕೇಳಿಕೊಂಡಿದ್ದೇನೆ. ಅವರು ಒಪ್ಪಬಹುದು, ಇಡೀ ಪೆಟ್ಟಿಗೆಯನ್ನೇ ಕೈಬಿಡಲೂಬಹುದು. ನರ್ಸಮ್ಮನಿಗೆ ನಾಳೆ ನಾನೇ ಹೇಳುತ್ತೇನೆ. ಬಾಯಿ ಬರುತ್ತದೋ ಇಲ್ಲವೋ ಗೊತ್ತಿಲ್ಲ.

ನಿನ್ನ ವಿಷಯ ಒಂದು ಸಾಲೂ ಬರೆದಿಲ್ಲ. ನೀನು ಕೊಟ್ಟ ಹೇಳಿಕೆ ಅವರ ಬಳಿ ಇದೆ, ಅದನ್ನು ಹಾಗೇ ಬಿಡುತ್ತೀಯೋ ವಾಪಸ್ ತೆಗೆದುಕೊಳ್ಳುತ್ತೀಯೋ ನಿನಗೆ ಬಿಟ್ಟದ್ದು.

ಆದರೆ ನೀನು ಕಳಿಸಿದ ಕಂಪನಿಯ ಕಾಗದವನ್ನೂ ತುಂಬಬೇಕಿತ್ತು. ಮೂರನೆಯ ಪ್ರಶ್ನೆ: 'ಕೊನೆಯ ದೃಶ್ಯ ಪ್ರಸಾರವಾದಾಗ ಕೋಣೆಯಲ್ಲಿದ್ದವರ ಹೆಸರುಗಳು.' ಕೆಳಗೆ ಐದು ಗೆರೆಗಳಷ್ಟು ಜಾಗ ಬಿಟ್ಟಿದ್ದರು. ಅಂಚೆಕಚೇರಿಯ ಎತ್ತರದ ಮೇಜಿನ ಬಳಿ, ಸರಪಳಿ ಹಾಕಿದ ಪೆನ್ನು ಹಿಡಿದು, ನನ್ನ ಹಿಂದೆ ಸಾಲು ಬೆಳೆಯುವವರೆಗೆ ನಿಂತಿದ್ದೆ. ಮೊದಲನೆಯ ಗೆರೆಯ ಮೇಲೆ 'ಯಾರೂ ಇರಲಿಲ್ಲ' ಎಂದು ಬರೆದು, ಸಹಿ ಹಾಕಿ, ಲಕೋಟೆ ಅಂಟಿಸಿದೆ.

ಮರಿಸ್ಸಾ ಶಿಮಾನ್ಸ್ಕಿ